ಅವತ್ತು ದೂಡಿದ ಕಾರು

ನನ್ನ ಸಿಟ್ಟೆಲ್ಲ ಆ ಕಾರಿನ ಮೇಲೆಯೇ ಹೋಗುತ್ತಿತ್ತು. ಹಾಲು ಉಕ್ಕಿದರೂ, ನಲ್ಲಿಯಲ್ಲಿ ನೀರು ಬಾರದಿದ್ದರೂ ಹಿತ್ತಲಿನ ಶೆಡ್ಡಿನ ಕಡೆ ತಿರುಗಿ "ಹಾಳಾಗಿ ಹೋಗು ನೀ" ಅನ್ನುತ್ತಿದ್ದೆ. ಮಾವನವರ ಬಿಳಿ ಅಂಬಾಸಿಡರ್ ಅದು. ಮೂವತ್ತು ವರ್ಷ ಅಲ್ಲೇ ನಿಂತು ಧೂಳಿನ ಜೊತೆ ನನ್ನ ಬೈಗುಳವನ್ನೂ ತಿಂದಿತ್ತು.

ಮದುವೆಯಾಗಿ ಮಸ್ಕಿಗೆ ಬಂದ ಹೊಸತರಲ್ಲಿ ನನಗೆ ಸಾಲಿ ಟೀಚರ್ ನೌಕರಿ ಬಂದಿತ್ತು, ಗುರುಗುಂಟಾದಲ್ಲಿ. ಮೊದಲು ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೋಗಿ ಹಾಜರಾಗಬೇಕು. ಮಾವನವರು ಇವತ್ತು ನಾಳೆ ಅಂತ ಮುಂದೂಡಿ ಕಡೇ ದಿನಕ್ಕೆ ತಂದು ನಿಲ್ಲಿಸಿದ್ದರು. ಅವತ್ತೇ ಬಸ್ಸು ಬಂದ್! ಹಿಂದಿನ ಸಂಜೆ ತನಕ ಚೆನ್ನಾಗಿ ಓಡುತ್ತಿದ್ದ ಕಾರು ಮುಂಜಾನೆ ಕೆಮ್ಮಲೂ ಇಲ್ಲ. ಮಾವನವರು ಸ್ಟೇರಿಂಗ್ ಹಿಡಿದು ಕೂತರು. ನನ್ನ ಗಂಡ ಕರಿಬಸಯ್ಯ ಹಿಂದಿನಿಂದ ದೂಡಿದರು. ಅವರ ಪಕ್ಕದಲ್ಲಿ ನಾನು, ಹೊಸ ಸೊಸೆ, ತಲೆ ಮೇಲಿನ ಸೆರಗು ಜಾರಿದರೂ ದೂಡಿದೆ. ಓಣಿಯೆಲ್ಲ ನೋಡುತ್ತಿತ್ತು. ಬಸವಣ್ಣನ ಗುಡಿ ತನಕ ದೂಡಿದರೂ ಚಾಲೂ ಆಗಲಿಲ್ಲ. ಕಡೆಗೆ ಯಾರದೋ ಟ್ರ್ಯಾಕ್ಟರ್ ಹತ್ತಿ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ನನ್ನ ಜಾಗ ಇನ್ನೊಬ್ಬಳಿಗೆ ಹೋಯಿತು.

ಆದರೆ ಆ ದಿನದಲ್ಲಿ ಒಂದು ಚಲೋ ಸಂಗತಿಯೂ ಇತ್ತು. ಗುಡಿ ಮುಂದೆ ಕಾರು ನಿಂತಾಗ ನನ್ನ ಗಂಡನ ಅಂಗಿ ತೊಯ್ದು ಮೈಗೆ ಅಂಟಿತ್ತು. ಏದುಸಿರು ಬಿಡುತ್ತ, "ಇನ್ನೊಮ್ಮಿ ದೂಡೂಣು ಬಾ, ಕಸ್ತೂರಿ" ಅಂದರು. ಮಂದಿಯ ಮುಂದೆಯೇ ಸೆರಗಿನಿಂದ ಅವರ ಮುಖ ಒರೆಸಿದೆ. ನೌಕರಿ ಹೋದರೆ ಹೋಗಲಿ, ನನಗಾಗಿ ಇಷ್ಟು ಬೆವರು ಸುರಿಸುವ ಗಂಡ ಸಿಕ್ಕನಲ್ಲ ಅನ್ನಿಸಿತ್ತು. ಆಮೇಲೆ ಅವರ ಮೇಲೆ ಎಷ್ಟೇ ಸಿಟ್ಟು ಬಂದರೂ ಆ ಬೆವರು ನೆನಪಾಗಿ ಕರಗಿಬಿಡುತ್ತಿದ್ದೆ.

ಈ ವರ್ಷ ವಯಸ್ಸಾಯಿತೆಂದು ಅಂಗಡಿ ಬಿಟ್ಟುಕೊಟ್ಟ ಮೇಲೆ ನನ್ನ ಗಂಡನಿಗೆ ಕಾರಿನ ಹುಚ್ಚು ಹಿಡಿಯಿತು. ಸಿಂಧನೂರಿನಿಂದ ಗೋಪಣ್ಣ ಅನ್ನುವ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಪ್ಲಗ್ಗು ಬಿಚ್ಚಿ ಒಳಗೆ ಎಣ್ಣೆ ಸುರಿದು ನೆನೆಯಲು ಬಿಟ್ಟ. ಟಾಕಿಯಿಂದ ಗಬ್ಬು ನಾರುವ ಪೆಟ್ರೋಲ್ ಚೆಲ್ಲಿದ. ಹೊಸ ಟೈರು, ಹೊಸ ಬ್ಯಾಟರಿ ಹಾಕಿದ. ಆಮೇಲೆ ಮುಂದೆ ಹ್ಯಾಂಡಲ್ ಚುಚ್ಚಿ ತಿರುಗಿಸಿದಾಗ ಎಂಜಿನ್ ಮೆಲ್ಲಗೆ ತಿರುಗಿತು.

"ಜಾಮ್ ಆಗಿಲ್ರೀ ಅಯ್ಯಾರ! ಒಳಗ ಚಲೋ ಐತಿ."

ನನ್ನ ಗಂಡ ಹುಡುಗರಂತೆ ಕುಣಿಯುವುದೊಂದು ಬಾಕಿ. ಆದರೂ ಕಾರು ಚಾಲೂ ಆಗಲಿಲ್ಲ. ಪ್ಲಗ್ಗಿಗೆ ಕರೆಂಟು ಬರುತ್ತಿಲ್ಲ ಅಂದ ಗೋಪಣ್ಣ, ವೈರುಗಳು ಸಿಕ್ಕಿಸಿದ್ದ ಕರಿ ಮುಚ್ಚಳವೊಂದನ್ನು ತೆಗೆದು ಬಗ್ಗಿ ನೋಡಿದ.

"ಅಯ್ಯ ಇವ್ನ! ರೋಟರ್ರೇ ಇಲ್ಲಲ್ರೀ ಇದರಾಗ! ಕರೆಂಟ್ ಹಂಚೂದ ಇದು. ಇದಿಲ್ಲಂದ್ರ ದಿಲ್ಲಿ ತನಕ ದೂಡಿದ್ರೂ ಚಾಲೂ ಆಗಂಗಿಲ್ಲ."

"ಎಲ್ಲೋ ಬಿದ್ದಿರಬೇಕು" ಅಂದೆ.

"ತಾನಾಗಿ ಬೀಳೂದಲ್ರೀ ಅಮ್ಮಾರ. ಯಾರೋ ಬಿಚ್ಚ್ಯಾರ."

ನನ್ನ ಗಂಡ ಆಗಲೇ ಒಳಗೆ ಓಡಿದ್ದರು. ಬರುವಾಗ ಅಂಗೈ ಚಾಚಿಕೊಂಡೇ ಬಂದರು. ಹೆಬ್ಬೆರಳಿನಷ್ಟು ದಪ್ಪದ ಕರೀ ಚೂರು, ಮೇಲೆ ಹಿತ್ತಾಳೆ ಪಟ್ಟಿ.

"ಇದ ನೋಡು, ಕೂಡ್ತೈತೇನು?"

ಗೋಪಣ್ಣ ಅದನ್ನು ಅಂಗಿಗೆ ತಿಕ್ಕಿ ಕೂಡಿಸಿದ. ಕೂತಿತು. ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಮುಕ್ಕರಿಸಿ, ಶೆಡ್ ತುಂಬ ಹೊಗೆ ಉಗುಳಿ ಗುರ್ ಅಂತ ಎದ್ದಿತು.

"ಕೇಳಿಲ್ಲಿ ಕಸ್ತೂರಿ, ಕೇಳಿಲ್ಲಿ!" ಇವರು ಚಪ್ಪಾಳೆ ತಟ್ಟಿದರು.

"ಅದು ಎಲ್ಲಿತ್ರೀ?" ಅಂದೆ.

"ಅಪ್ಪನ ಕರಡಿಗ್ಯಾಗ..." ಅಂದವರು ಬಾಯಿ ಮುಚ್ಚಿಕೊಂಡರು.

ಮಾವನವರ ಇಷ್ಟಲಿಂಗ ಅವರ ಜೊತೆಗೇ ಸಮಾಧಿಯೊಳಗೆ ಹೋಯಿತು. ಅದನ್ನಿಡುತ್ತಿದ್ದ ಬೆಳ್ಳಿ ಕರಡಿಗೆ ಮಾತ್ರ ಖಾಲಿಯಾಗಿ ದೇವರ ಜಗಲಿ ಮೇಲೆ ಉಳಿದಿತ್ತು. ತೆರೆಯಬೇಡ ಅಂದಿದ್ದರು ಇವರು, ನಾನು ತೆರೆದಿರಲಿಲ್ಲ. ದಿನಾ ವಿಭೂತಿ ಹಚ್ಚಿ ಹೂವಿಟ್ಟು ಕೈ ಮುಗಿದಿದ್ದೆ. ಥೂ ನನ್ನ ಕರ್ಮವೇ, ನನ್ನ ನೌಕರಿ ನುಂಗಿದ ಚೂರಿಗೆ ಕೈ ಮುಗಿದಿದ್ದೆ!

"ಕರಡಿಗಿ ಮಾತು ಬಿಡ್ರಿ. ಅವತ್ತು ನಾನೂ ನೀವೂ ದೂಡುಮುಂದ ಎಲ್ಲಿತ್ತು?"

ಇವರು ನೆಲ ನೋಡಿದರು. "ಕಿಸೇದಾಗ."

ಗೋಪಣ್ಣ ಎಂಜಿನ್ ಬಂದ್ ಮಾಡಿದ.

"ಅಪ್ಪ ಬಿಚ್ಚು ಅಂದ, ಕಸ್ತೂರಿ. ಸೊಸಿ ನೌಕರಿಗಿ ಹೋದ್ರ ಮಂದಿ ಏನಂತಾರ ಅಂದ. ಒಲ್ಲೆ ಅನ್ನಾಕ ಧೈರ್ಯ ಸಾಲಲಿಲ್ಲ. ಆಮ್ಯಾಲ ತಿರುಗಿ ಹಾಕಿ ಕಾರು ಓಡಿಸಿದ್ರ ನಿನಗ ತಿಳೀತಿತ್ತು."

"ಬಿಚ್ಚಿದ್ದು ಅಪ್ಪನ ಮಾತಿಗೆ. ಬೆವರು ಸುರಿಸಿದ್ದು ಯಾರ ಮಾತಿಗೆ?"

ಮಾವನವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಅವರು ಬೇಡ ಅಂದಿದ್ದು ಅವತ್ತೇ ನನಗೆ ಗೊತ್ತಿತ್ತು. ಆದರೆ ಇವರು ನನ್ನ ಪಕ್ಕದಲ್ಲಿ ನಿಂತು, ಕಿಸೆಯಲ್ಲಿ ಅದನ್ನಿಟ್ಟುಕೊಂಡು, ಇನ್ನೊಮ್ಮಿ ದೂಡೂಣು ಬಾ ಅಂದಿದ್ದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೆ.

"ಗೋಪಣ್ಣ, ಅದನ್ನ ಬಿಚ್ಚು. ನನ್ನ ಕೈಯಾಗ ಕೊಡು."

ಅವನು ಕೊಟ್ಟ. ಅದಿನ್ನೂ ಬೆಚ್ಚಗಿತ್ತು. ಸೆರಗಿನ ತುದಿಗೆ ಗಂಟು ಹಾಕಿ ಕಟ್ಟಿಕೊಂಡೆ. ಗೋಪಣ್ಣನಿಗೆ ಸ್ಟೇರಿಂಗ್ ಹಿಡಿಯಲು ಹೇಳಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ದೂಡ್ರಿ" ಅಂದೆ.

"ಕಸ್ತೂರಿ, ಮಂದಿ ನೋಡ್ತಾರ."

"ಅವತ್ತೂ ನೋಡಿದ್ರು. ಗುಡಿ ತನಕ ದೂಡ್ರಿ."

ದೂಡಿದರು. ಕಾರು ಆಮೆಯಂತೆ ಓಣಿಗೆ ಇಳಿಯಿತು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಕೈ ಹಚ್ಚಲು ಬಂದವರನ್ನು ನಾನೇ ಬೇಡ ಅಂದೆ. ನಡುನಡುವೆ ನಿಂತು, ಮತ್ತೆ ದೂಡಿ, ಗುಡಿ ಮುಂದೆ ಬರುವ ಹೊತ್ತಿಗೆ ಇವರ ಅಂಗಿ ತೊಯ್ದಿತ್ತು. ಕಿಟಕಿಯ ಹತ್ತಿರ ಬಂದು, ಉಸಿರು ಸಾಲದೆ, ಮುಖವನ್ನು ನನ್ನ ಕಡೆ ಚಾಚಿ ನಿಂತರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಗಂಟು ಸಿಕ್ಕಿತು. ಅದನ್ನು ಹಿಡಿದುಕೊಂಡು ಸುಮ್ಮನೆ ಕೂತೆ.