ಬೋನು ಇಳಿಸುವ ದಿನ

ನವೆಂಬರ್ ತಿಂಗಳ ಕೊನೆಯ ಸೋಮವಾರ ಬಂತೆಂದರೆ ನೋವಾ ಸ್ಕೋಶಿಯಾದ ಈ ತುದಿಯಲ್ಲಿ ಮದುವೆ ಮುಂದಕ್ಕೆ ಹೋಗುತ್ತದೆ, ಹಲ್ಲುನೋವು ಮುಂದಕ್ಕೆ ಹೋಗುತ್ತದೆ, ಸಾಯಲು ಹೊರಟವರೂ ಒಂದು ದಿನ ತಡೆದುಕೊಳ್ಳುತ್ತಾರೆ ಎನ್ನುವುದುಂಟು. ಅದು ಬೋನು ಇಳಿಸುವ ದಿನ. ಬೇಸಿಗೆಯಿಡೀ ಬೇಟೆಗೆ ಮುಚ್ಚಿದ್ದ ಕಡಲು ಅಂದು ಬೆಳಗಿನ ಆರಕ್ಕೆ ತೆರೆಯುತ್ತದೆ. ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯನ್ನು ಹಿಡಿಯುವ ತಂತಿಬೋನುಗಳನ್ನು ಮಾಳಿಗೆಯೆತ್ತರ ಪೇರಿಸಿಕೊಂಡು ಇದ್ದಬದ್ದ ಬೋಟುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಮೊದಲು ಮುಟ್ಟಿದವರಿಗೆ ಒಳ್ಳೆಯ ಜಾಗ, ಹಿಂದೆ ಬಿದ್ದವರಿಗೆ ಉಳಿದದ್ದು.

ಈ ಸಲ ಪಬ್ನಿಕೋ ಧಕ್ಕೆಯವರಿಗೆ ನೋಡಲು ಇನ್ನೊಂದು ತಮಾಷೆಯೂ ಇತ್ತು. ಆನ್ಸೆಲ್ಮ್ ಅಮಿರೋನ ಎದೆ ಪರೀಕ್ಷೆ ಮಾಡಿದ ಡಾಕ್ಟರು ಇನ್ನು ಕಡಲು ಸಾಕು ಎಂದಿದ್ದರು. ಅವನ 'ಮರೀ ಎಲೀಝ್' ಬೋಟಿಗೆ ಮಗಳು ಕೊರಿನ್ ಕ್ಯಾಪ್ಟನ್ ಆಗಿದ್ದಳು. ಹತ್ತು ವರ್ಷ ಅದೇ ಬೋಟಿನಲ್ಲಿ ಆಳಾಗಿ ಮೈಮುರಿದು ದುಡಿದವಳು. ಹಾಗಿದ್ದರೂ ಧಕ್ಕೆಯ ಜನ ಅವಳ ಕ್ಯಾಪ್ಟನ್‌ಗಿರಿ ಎಷ್ಟು ದಿನ ಬಾಳುತ್ತದೆಂದು ಲೆಕ್ಕ ಹಾಕತೊಡಗಿದ್ದರು. ಇನ್ನೊಬ್ಬರ ಬೋಟಿನ ಚಿಂತೆ ಮಾಡುವಷ್ಟು ಪುರುಸೊತ್ತು ಮೀನುಗಾರರಿಗೆ ಎಲ್ಲಿಂದ ಬರುತ್ತದೋ ದೇವರೇ ಬಲ್ಲ.

ಕೊರಿನ್‌ಗೆ ಅದ್ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಅವಳ ಕಣ್ಣೆಲ್ಲ ಚುಕ್ಕಾಣಿಯ ಮುಂದಿನ ಕುರ್ಚಿಯ ಮೇಲೆ. ಚಿಕ್ಕವಳಿದ್ದಾಗ ಅಪ್ಪ ಕಾಣದ ಹೊತ್ತಿನಲ್ಲಿ ಕದ್ದು ಹತ್ತಿ, ಕಾಲು ನೆಲಕ್ಕೆ ಎಟುಕದೆ ತೂಗಾಡಿಸುತ್ತಾ ಕೂತ ಕುರ್ಚಿ ಅದು. ಬೇಸಿಗೆಯಲ್ಲಿ ಅವಳೇ ಅದಕ್ಕೆ ಹೊಸ ಕೆಂಪು ರೆಕ್ಸಿನ್ ಹೊದಿಸಿದ್ದಳು. ಸೋಮವಾರ ಬೆಳಿಗ್ಗೆ ಇಡೀ ಧಕ್ಕೆ ನೋಡುತ್ತಿರುವಾಗ ಅದರಲ್ಲಿ ಕೂತು ಬೋಟನ್ನು ಬಿಡಿಸುವುದನ್ನು ನೆನೆದರೆ ಸಾಕು, ಅವಳ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು.

ಆದರೆ ಭಾನುವಾರ ಮಧ್ಯಾಹ್ನ, ಬೋನು ಪೇರಿಸುವಾಗ, ಅವಳು ಬಾಯಿ ಬಿಟ್ಟು ಕೆಟ್ಟಳು.

ಬೋಟಿನಲ್ಲಿ ಆಳುಗಳು ಮೂವರು. ಅವಳ ತಾಯಿಯ ಅಣ್ಣ ಜೆಫೀರ್, ಜೆಫೀರನ ಅಳಿಯ ಬೇಸಿಲ್, ಮತ್ತು ಬಾಯಿಗೆ ಬೀಗವೇ ಇಲ್ಲದ ಟಿಲ್ಮನ್. ಜೆಫೀರ್ ಮಾವ ಮೂವತ್ತು ವರ್ಷದಿಂದ ಬೋಟಿನ ಹಿಂಬದಿಯಲ್ಲಿ ನಿಂತವನು. ಹಿಂಬದಿಯ ಕೆಲಸ ಹುಡುಗಾಟದ್ದಲ್ಲ. ಬೋಟು ಮುಂದೆ ಓಡುತ್ತಿರುತ್ತದೆ, ಒಂದೇ ಹಗ್ಗಕ್ಕೆ ಕಟ್ಟಿದ ಬೋನುಗಳು ಸಾಲಾಗಿ ನೀರಿಗೆ ಜಾರುತ್ತವೆ, ನಡುವಿನ ಹಗ್ಗ ಸರಸರನೆ ಹರಿದು ಹೋಗುತ್ತದೆ. ಆ ಸುರುಳಿಯೊಳಗೆ ಕಾಲಿಟ್ಟವನು ಬೋನಿನ ಜೊತೆ ತಳ ಸೇರುತ್ತಾನೆ. ಮಾವನ ಮೊಣಕಾಲು ಈಚೆಗೆ ಮಡಚುತ್ತಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಎಡವಿದವನನ್ನು ಟಿಲ್ಮನ್ ಕೊರಳಪಟ್ಟಿ ಹಿಡಿದು ಎಳೆದುಕೊಂಡಿದ್ದ. ಆಮೇಲೆ ಯಾರೂ ಆ ಮಾತು ಎತ್ತಿರಲಿಲ್ಲ.

ಕೊರಿನ್ ಎತ್ತಿದಳು. ಅದೂ ಧಕ್ಕೆಯ ನಡುವೆ ನಿಂತು, ಪಕ್ಕದ ಬೋಟುಗಳವರಿಗೆಲ್ಲ ಕೇಳುವ ಹಾಗೆ. "ಮಾವ, ನಾಳೆ ಹಿಂಬದೀಲಿ ಬೇಸಿಲ್ ನಿಲ್ತಾನೆ. ನೀವು ಒಳಗಡೆ ಬೋನಿಗೆ ಎರೆಯ ಮೀನು ತುಂಬಿ. ನಿಮ್ಮ ಕಾಲಿಗೆ ಅದೇ ವಾಸಿ."

ಜೆಫೀರ್ ಕೈಗವಸು ಕಳಚಿ ಬೋಟಿನ ಮೊಳೆಗೆ ನೇತುಹಾಕಿ, ಏಣಿ ಹತ್ತಿ ಧಕ್ಕೆಗೆ ಬಂದು ಮನೆಯ ದಾರಿ ಹಿಡಿದ. ಬೇಸಿಲ್ ಕೈಲಿದ್ದ ಬೋನನ್ನು ಕೆಳಗಿಟ್ಟ.

"ನನ್ನ ಪರಿಸ್ಥಿತಿ ನಿನಗೂ ಗೊತ್ತು ಕೊರಿನ್. ಅವರ ಜಾಗದಲ್ಲಿ ನಾನು ನಿಂತ್ಕೊಂಡ್ರೆ ಮನೇಲಿ ಅವರ ಮಗಳು ನನಗೆ ಅನ್ನ ಹಾಕ್ತಾಳಾ?" ಎಂದವನೇ ಅವನೂ ಹೊರಟ.

ಟಿಲ್ಮನ್ ಇಬ್ಬರ ಬೆನ್ನನ್ನೂ ನೋಡಿದ, ಬೋನಿನ ರಾಶಿಯನ್ನೂ ನೋಡಿದ. "ಒಳ್ಳೇದಾಯ್ತು ಬಿಡು. ನಾನೂ ನೀನೂ ಇಬ್ರೇ ಇಳಿಸೋಣ. ಈಸ್ಟರ್ ಹೊತ್ತಿಗೆ ಮುಗಿದ್ರೂ ಮುಗೀಬಹುದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬಂದು ಎಲ್ಲ ಹೇಳಿಕೊಂಡಾಗ ಆನ್ಸೆಲ್ಮ್ ಮಗಳನ್ನು ಬೈಯಲಿಲ್ಲ.

"ನೀನು ಹೇಳಿದ್ದು ಸರಿಯಾಗೇ ಇದೆ. ಧಕ್ಕೆ ಮೇಲೆ ಹೇಳಿದ್ಯಲ್ಲ, ಅದು ಕೆಟ್ಟದ್ದು. ನನ್ನನ್ನ ಕಳಿಸ್ಬೇಡ ಮತ್ತೆ. ನಾನು ಹೋಗಿ ಕರೆದ್ರೆ ಅವನು ನನ್ನ ಬೋಟಿಗೆ ಬರ್ತಾನೆ. ನಿನ್ನ ಬೋಟಿಗಲ್ಲ."

ಸಂಜೆ ಅವಳೇ ಮಾವನ ಮನೆಗೆ ಹೋದಳು. ಅತ್ತೆ ಆಲೂಗೆಡ್ಡೆ ತುರಿದು ಮಾಡಿದ ರಾಪಿ ಪೈ ಬಿಸಿ ಮಾಡಿ ತಟ್ಟೆಗೆ ಹಾಕಿದಳು. ಮಾವ ಮೇಲಿನ ಕೋಣೆಯಿಂದ ಮೆಟ್ಟಿಲಿಳಿದು ಬಂದ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು. ನಾಳೆಯ ಗಾಳಿಯ ವಿಷಯ, ಅವರು ಬೋನು ಇಳಿಸುವ ಮುದುಕಿಬಂಡೆಯ ಹತ್ತಿರ ನೀರಿನ ಸೆಳೆತ ಹೇಗೆ ಬೋನನ್ನು ಪಡುವಣಕ್ಕೆ ಎಳೆಯುತ್ತದೆ ಎಂಬ ವಿಷಯ, ಎಲ್ಲ ಮಾತಾಡಿದ. ನಾಳೆ ಹೊರಡುವವನ ಹಾಗೆಯೇ ಮಾತು. ಆದರೆ ಬರುತ್ತೇನೆ ಎಂದು ಮಾತ್ರ ಹೇಳಲೊಲ್ಲ.

ಕೊರಿನ್ ಆಲೂಗೆಡ್ಡೆ ಕೆದಕುತ್ತಾ ಯೋಚಿಸಿದಳು. ಹಿಂಬದಿಗೆ ಹಾಕಿದರೆ ಮಾವ ನೀರುಪಾಲು. ಹಾಕದಿದ್ದರೆ ಅವಳ ಸೀಸನ್ನೇ ನೀರುಪಾಲು. ಮೂವತ್ತು ವರ್ಷ ನಿಂತವನಿಗೆ ಮರ್ಯಾದೆಯಿಂದ ಕೂರುವ ಜಾಗ ಬೋಟಿನಲ್ಲಿ ಎಲ್ಲಿದೆ ಎಂದು ಹುಡುಕುತ್ತಾ ಹೋದಳು, ಬೋಟಿನಲ್ಲಿ ಇದ್ದದ್ದೇ ಒಂದು ಕುರ್ಚಿ. ಅದು ಹೊಳೆದಾಗ, ನಿಜ ಹೇಳಬೇಕೆಂದರೆ ಅವಳಿಗೆ ಅಳುವೇ ಬಂತು.

"ಮಾವ, ನಾಳೆ ಚುಕ್ಕಾಣಿ ನೀವು ಹಿಡೀಬೇಕು. ಆ ಸೆಳೆತ ನಿಮಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಹಿಂಬದೀಲಿ ಬೇಸಿಲ್ ಜೊತೆ ನಾನು ನಿಲ್ತೀನಿ."

ಜೆಫೀರ್ ಅವಳನ್ನೇ ನೋಡಿದ. "ಧಕ್ಕೆ ಜನ ನಾಳೆ ನಿನ್ನನ್ನ ನೋಡೋಕೆ ಬರ್ತಾರೆ ಹುಡುಗಿ. ಈ ಮುದಿಗೂಬೆನಲ್ಲ."

"ಹಿಂಬದೀಲಿದ್ರೂ ಕಾಣ್ತೀನಿ. ಅಷ್ಟೇನೂ ಸಣ್ಣಗಿಲ್ಲ ನಾನು."

"ಬೋಟಲ್ಲಿ ಮಾತು ಯಾರದ್ದು?"

"ನಂದೇ. ನಾನು ಕೈ ಎತ್ತಿದ್ರೆ ನಿಲ್ಲಿಸ್ಬೇಕು. ಯಾಕೆ ಏನು ಅಂತ ಕೇಳ್ಬಾರ್ದು."

"ನಿಮ್ಮಪ್ಪನೂ ಹಂಗೇ ಅಂತಿದ್ದ," ಎಂದು ಮುದುಕ ತಟ್ಟೆ ಎಳೆದುಕೊಂಡ. ಮೊಣಕಾಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಬೆಳಗಿನ ಜಾವ ಧಕ್ಕೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬೋಟುಗಳ ದೀಪವೆಲ್ಲ ಉರಿಯುತ್ತಿತ್ತು, ಎಂಜಿನ್ನುಗಳ ಗುಡುಗಿಗೆ ಹಲಗೆಗಳು ನಡುಗುತ್ತಿದ್ದವು, ಹೆಂಗಸರು ಕಾಫಿ ಹಂಚುತ್ತಿದ್ದರು, ಮಕ್ಕಳು ಅಪ್ಪಂದಿರ ಹೆಸರು ಕೂಗುತ್ತಿದ್ದರು.  ಜೆಫೀರ್ ಕೆಂಪು ಕುರ್ಚಿ ಹತ್ತಿ ಕೂತಾಗ ಜನರ ನಡುವೆ ಒಂದು ಗುಸುಗುಸು ಹಬ್ಬಿತು. ಪಕ್ಕದ ಬೋಟಿನ ವಿಲ್ಲಿ ಸುರೆಟ್ ಸುಮ್ಮನಿರುವ ಪೈಕಿಯಲ್ಲ.

"ಏನಮ್ಮಾ ಕೊರಿನ್, ಬೋಟು ಬಿಡೋಕ್ಕೆ ಮೊದ್ಲೇ ಕುರ್ಚಿ ಕಳ್ಕೊಂಡ್ಯಾ? ನಮ್ಮೂರ ಮೇಯರಿನ ಕುರ್ಚೀನೂ ಇಷ್ಟು ಬೇಗ ಹೋಗಿರ್ಲಿಲ್ಲ."

ಸುತ್ತಲಿನವರು ನಕ್ಕರು. ಆನ್ಸೆಲ್ಮ್ ಕಾಫಿ ಲೋಟ ಹಿಡಿದು ಅವರ ನಡುವೆಯೇ ನಿಂತಿದ್ದ. ಅಪ್ಪನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಉತ್ತರ ಕೊಡ್ಲಾ?" ಎಂದ ಟಿಲ್ಮನ್, ಆಸೆಯಿಂದ.

"ಹಗ್ಗ ಬಿಚ್ಚು," ಎಂದಳು ಕೊರಿನ್.

ಆರು ಹೊಡೆಯಿತು. ಹಾರನ್ನುಗಳು ಒಂದೇ ಸಲ ಕೂಗಿಕೊಂಡವು. ಕೊರಿನ್ ಕೈ ಮುಂದೆ ಬೀಸಿದಳು, ಮರೀ ಎಲೀಝ್ ಧಕ್ಕೆ ಬಿಟ್ಟು ಸೂರ್ಯ ಸುತ್ತುವ ದಿಕ್ಕಿಗೇ ತಿರುಗಿತು. ಇನ್ನೊಂದು ದಿಕ್ಕಿಗೆ ತಿರುಗಿದ ಬೋಟಿಗೆ ಏಳಿಗೆಯಿಲ್ಲ ಎಂಬುದು ಮೀನುಗಾರರ ನಂಬಿಕೆ. ಆಮೇಲೆ ಓಟವೋ ಓಟ. ಎಡಕ್ಕೂ ಬಲಕ್ಕೂ ದೀಪಗಳ ಸಾಲು, ಮುಖಕ್ಕೆ ಉಪ್ಪುನೀರು, ಕಾಲಡಿಯಲ್ಲಿ ಎಂಜಿನ್ನಿನ ಝುಮ್ಮು. ಜೆಫೀರ್ ಎಲ್ಲರೂ ಹೋಗುವ ದಾರಿ ಬಿಟ್ಟು ಮುದುಕಿಬಂಡೆಯ ಒಳಮಗ್ಗುಲಿಗೆ ಬೋಟು ನುಗ್ಗಿಸಿದ. ಬೆಳಕು ಹರಿಯುವಾಗ ವಿಲ್ಲಿಯ ಬೋಟು ಅವರ ಹಿಂದೆ ಇತ್ತು. ಟಿಲ್ಮನ್ ಅತ್ತ ತಿರುಗಿ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ. ಕೊರಿನ್‌ಗೆ ನಗು ತಡೆಯಲಾಗಲಿಲ್ಲ.

ಮುದುಕಿಬಂಡೆ ಸೇರಿದ ಮೇಲೆ ಮಾತಿಗೆ ಬಿಡುವಿರಲಿಲ್ಲ. ಟಿಲ್ಮನ್ ರಾಶಿಯಿಂದ ಬೋನು ಎಳೆದು ದೂಡುವುದು, ಬೇಸಿಲ್ ಅಂಚಿಗೆ ತರುವುದು, ಕೊರಿನ್ "ಹೂಂ" ಎಂದೊಡನೆ ಬಿಡುವುದು. ಹೂಂ, ಧಡ್, ಸರ್ರ್. ಹೂಂ, ಧಡ್, ಸರ್ರ್. ಬೋಟು ಎಷ್ಟು ಹದವಾಗಿ ಓಡುತ್ತಿತ್ತೆಂದರೆ ಹಗ್ಗ ಬಿಗಿಯಾಗುತ್ತಲೂ ಇರಲಿಲ್ಲ, ಸಡಿಲವಾಗಿ ರಾಶಿ ಬೀಳುತ್ತಲೂ ಇರಲಿಲ್ಲ. ಅಪ್ಪನ ಕಾಲದಲ್ಲೂ ಹೀಗೆ ಓಡಿದ್ದಿಲ್ಲವಲ್ಲ ಎಂದು ಕೊರಿನ್‌ಗೆ ಅನ್ನಿಸಿತು. ಮೈ ಬೆವೆತಿತ್ತು, ಮನಸ್ಸು ಕುಣಿಯುತ್ತಿತ್ತು.

ನಾಲ್ಕನೆಯ ಸಾಲು ಬಿಡುವಾಗ ದೊಡ್ಡ ಅಲೆಯೊಂದು ಬೋಟನ್ನು ಓರೆ ಮಾಡಿತು. ಬೇಸಿಲ್ ಒಂದು ಹೆಜ್ಜೆ ಹಿಂದಿಟ್ಟ. ಆ ಹೆಜ್ಜೆ ಹಗ್ಗದ ಸುರುಳಿಯೊಳಗೆ ಬಿತ್ತು. ಸುರುಳಿ ಅವನ ಬೂಟಿಗೆ ಬಿಗಿದು ಅವನನ್ನು ಅಂಚಿಗೆ ಎಳೆಯತೊಡಗಿತು. ಕೊರಿನ್ ಒಂದು ಕೈಯಲ್ಲಿ ಅವನ ಸೊಂಟಪಟ್ಟಿ ಹಿಡಿದು ಇನ್ನೊಂದು ಕೈ ಎತ್ತಹೋದಳು.

ಆ ಕೈ ಇನ್ನೂ ಅವಳ ಭುಜದ ಮಟ್ಟಕ್ಕೆ ಬಂದಿರಲಿಲ್ಲ. ಎಂಜಿನ್ನಿನ ಸದ್ದು ಆಗಲೇ ಇಳಿದಿತ್ತು. ಬೋಟು ಉಸಿರು ಬಿಟ್ಟಂತೆ ನಿಂತು, ಕೂದಲೆಳೆಯಷ್ಟು ಹಿಂದಕ್ಕೆ ಬಂತು. ಹಗ್ಗ ಸಡಿಲವಾಯಿತು. ಟಿಲ್ಮನ್ ಬೇಸಿಲ್‌ನ ಕಾಲನ್ನು ಬೂಟಿನಿಂದಲೇ ಕಿತ್ತು ಹೊರಗೆಳೆದ. ಬೂಟು ಬೋನಿನ ಹಿಂದೆ ನೀರಿಗೆ ಹೋಯಿತು.

ಕೊರಿನ್ ತಿರುಗಿ ನೋಡಿದಳು. ಜೆಫೀರ್ ಕುರ್ಚಿಯಲ್ಲಿ ಮೈ ತಿರುಗಿಸಿ ಕೂತಿದ್ದ. ಒಂದು ಕೈ ಚುಕ್ಕಾಣಿಯ ಮೇಲೆ, ಕಣ್ಣು ಹಿಂಬದಿಯ ಹಗ್ಗದ ಮೇಲೆ. ಯಾವ ಬೋನು ಹೋಗುವಾಗ ಯಾವ ಕಾಲು ಎಲ್ಲಿರಬೇಕು ಎಂದು ನೋಡುತ್ತಲೇ ಮೂವತ್ತು ವರ್ಷ ಬದುಕಿದವನಿಗೆ ಹಗ್ಗ ಬಿಗಿಯುವ ಮೊದಲೇ ಗೊತ್ತಾಗಿತ್ತು. ಅವಳು ಆ ಕುರ್ಚಿಯಲ್ಲಿ ಕೂತಿದ್ದರೆ ಕಣ್ಣು ಮುಂದಿನ ನೀರಿನ ಮೇಲೆ ಇರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

"ಅಳಿಯಂದಿರೇ," ಎಂದು ಜೆಫೀರ್ ಕೂಗಿದ, "ಒಂದು ಬೂಟಲ್ಲಿ ಮನೆಗೆ ಬಂದ್ರೆ ನನ್ನ ಮಗಳು ಇನ್ನೊಂದೆಲ್ಲಿ ಅಂತಾಳೆ. ಏನು ಹೇಳ್ತೀರಿ?"

"ಲಾಬ್‌ಸ್ಟರಿಗೆ ದಾನ ಮಾಡಿದೆ ಅಂತೀನಿ," ಎಂದ ಬೇಸಿಲ್, ಮುಖ ಬೆಳ್ಳಗಾಗಿದ್ದರೂ. ಟಿಲ್ಮನ್ ಬಿದ್ದು ಬಿದ್ದು ನಕ್ಕ. ಅವನ ಕಣ್ಣಲ್ಲಿ ನೀರಿತ್ತು. ಕೊರಿನ್ ಎಲ್ಲರಿಗೂ ಬಿಸಿ ಕಾಫಿ ಬಗ್ಗಿಸಿ ಕೊಟ್ಟು, ಲೋಟಗಳು ಖಾಲಿಯಾಗುವವರೆಗೆ ಕಾದು, ಆಮೇಲೆ "ಹೂಂ" ಎಂದಳು. ಒಂದೂ ಬೋನು ಮಿಗದಂತೆ ಇಳಿಸಿ, ಎಲ್ಲರಿಗಿಂತ ಮೊದಲು ಬೋಟು ತಿರುಗಿಸಿದರು.

ಧಕ್ಕೆಯ ಜನರ ಮುಖ ಕಾಣುವಷ್ಟು ಹತ್ತಿರ ಬಂದಾಗ ಜೆಫೀರ್ ಎಂಜಿನ್ ತಗ್ಗಿಸಿ ಕುರ್ಚಿಯಿಂದ ಇಳಿದ.

"ಯಾಕೆ ಮಾವ?"

"ಯಾಕಂದ್ರೆ? ಬೋಟು ಕಟ್ಟೋದು ಕ್ಯಾಪ್ಟನ್ ಕೆಲಸ. ಊರೆದುರಿಗೆ ನನ್ನ ಕೈಲಿ ಮಾಡಿಸಿ ನಗೆಪಾಟಲು ಮಾಡ್ಬೇಕೂಂತಿದೀಯಾ? ಹತ್ತು ಮೇಲೆ. ಬೆಳಿಗ್ಗೆಯಿಂದ ಈ ರೆಕ್ಸಿನ್ನು ಜಾರ್ತಾ ಜಾರ್ತಾ ನನ್ನ ಸೊಂಟ ಬಿದ್ಹೋಗಿದೆ."

ಕೊರಿನ್ ಕೆಂಪು ಕುರ್ಚಿ ಹತ್ತಿದಳು. ಅದು ಇನ್ನೂ ಬೆಚ್ಚಗಿತ್ತು. ಕಾಲು ನೆಲಕ್ಕೆ ಎಟುಕಿತು. ಜೆಫೀರ್ ಕುಂಟುತ್ತಾ ಹಿಂಬದಿಗೆ ಹೋಗಿ ತನ್ನ ಹಳೆಯ ಜಾಗದಲ್ಲಿ ಹಗ್ಗ ಹಿಡಿದು ನಿಂತ. ಅವಳು ಬೋಟನ್ನು ಧಕ್ಕೆಗೆ ಮೆತ್ತಗೆ ತಾಗಿಸಿದಳು, ಅವನು ಹಗ್ಗ ಎಸೆದ, ಮೇಲೆ ಆನ್ಸೆಲ್ಮ್ ಹಿಡಿದ.

"ಇವತ್ತು ಬೋಟು ನಡೆಸಿದ್ದು ಯಾರೋ?" ಎಂದು ಆನ್ಸೆಲ್ಮ್ ಕೇಳಿದ, ಎಲ್ಲರಿಗೂ ಕೇಳುವ ಹಾಗೆ.

"ಕಣ್ಣು ಕಾಣಲ್ವಾ ನಿನಗೆ? ಕುರ್ಚೀಲಿ ಯಾರಿದಾರೆ ನೋಡು," ಎಂದ ಜೆಫೀರ್.

ಆಮೇಲೆ ಅವನು ಮೊಳೆಯಲ್ಲಿ ಕೈಗವಸು ನೇತುಹಾಕಿದ. ಮೂವತ್ತು ವರ್ಷ ಈ ಬೋಟಿನಲ್ಲಿ ಉಳಿದ ಆಳುಗಳು ಎಷ್ಟು ಹೊತ್ತಿಗೆ ಬರಬೇಕೆಂದು ಹೇಳುತ್ತಿದ್ದವನು ಅವನೇ. ಏಣಿಯ ಬುಡದಲ್ಲಿ ನಿಂತು ತಿರುಗಿದ.

"ನಾಳೆ ಎಷ್ಟಕ್ಕೆ ಬರ್ಲಿ?"

ಕೊರಿನ್ ಎಂಜಿನ್ ಆರಿಸಿದಳು. "ಐದಕ್ಕೆ ಬನ್ನಿ ಮಾವ."

"ಐದಂತೆ ಐದು," ಎಂದು ಗೊಣಗುತ್ತಾ ಮುದುಕ ಏಣಿ ಹತ್ತಿದ. "ನಾಲ್ಕೂವರೆಗೇ ಬಂದಿರ್ತೀನಿ."