ಚಿಹ್ನೆಗಳ ಚೀಟಿ

ಇದು ಇಪ್ಪತ್ತಮೂರನೆಯ ಊರು, ಕೊನೆಯದು. ಶಾಲೆಯ ಕೋಣೆಯಲ್ಲಿ ಎರಡು ಬೆಂಚು ಕೂಡಿಸಿ, ನಕ್ಷೆ ಹರಡಿ, ಮೂಲೆಗಳು ಸುರುಟಿಕೊಳ್ಳದಂತೆ ಡಸ್ಟರ್ ಹೇರಿ, ವಿದ್ಯುತ್ ಕಂಪನಿಯ ಮೇಡಂ ಮಾತು ಶುರು ಮಾಡಿದಳು. ಶುರು ಮಾಡುವುದೇನು ಬಂತು, ನಾಲಿಗೆ ತಾನಾಗಿಯೇ ಓಡುತ್ತಿತ್ತು. ಹಳೆಯ ತಂತಿ ತೆಗೆದು ದಪ್ಪ ತಂತಿ ಎಳೆಯುತ್ತೇವೆ, ಟವರುಗಳು ಎತ್ತರವಾಗುತ್ತವೆ, ತಂತಿಯ ಎರಡೂ ಬದಿಗೆ ಇಪ್ಪತ್ತು ಮೀಟರ್ ಖಾಲಿ ಇರಬೇಕು, ಅದರೊಳಗೆ ಮನೆ ಇರುವಂತಿಲ್ಲ, ಆಕ್ಷೇಪಣೆ ಇದ್ದವರು ಈ ದಿನ ಐದು ಗಂಟೆಯೊಳಗೆ ಬರೆದುಕೊಡಬೇಕು. ಐದು ತಿಂಗಳಿಂದ ಹೇಳಿ ಹೇಳಿ, ಪಕ್ಕದ ಮನೆಯ ರೇಡಿಯೊ ಕೇಳಿದ ಹಾಗೆ ಅವಳು ತನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದಳು.

ಗಂಟೆ ನಾಲ್ಕೂ ಹತ್ತು. ಲಾಡ್ಜಿನ ಕೋಣೆ ಬೆಳಿಗ್ಗೆಯೇ ಖಾಲಿ ಮಾಡಿ ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿದ್ದಳು. ಆರು ವರ್ಷದ ಮಗಳಿಗೆ ಮಾತು ಕೊಟ್ಟಾಗಿತ್ತು: ನಾಳೆಯಿಂದ ನಿನಗೆ ಜಡೆ ಹಾಕುವವಳು ಅಜ್ಜಿಯಲ್ಲ, ನಾನು.

ಮಾತು ಮುಗಿದದ್ದೇ ತಡ, ಜನ ಬೆಂಚಿಗೆ ಮುತ್ತಿದರು. ಎಲ್ಲ ಊರಿನಲ್ಲೂ ಹೀಗೆಯೇ. ತಂತಿ ಆಮೇಲೆ, ಟವರ್ ಆಮೇಲೆ, ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಮೇಲೆ ಬೆರಳಿಡಬೇಕು.

"ನಮ್ಮನೆ ಕಾಣ್ತಿಲ್ವಲ್ಲ ಮೇಡಂ," ಎಂದಳು ಊರಿನ ಟೈಲರಮ್ಮ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಹೊಲಿಗೆ ಬಿಟ್ಟು ಎದ್ದು ಬಂದಿದ್ದಳು. ಅವಳ ಬೆರಳು ಶಾಲೆಯಿಂದ ಹೊರಟು, ಹಿಟ್ಟಿನ ಗಿರಣಿ ದಾಟಿ, ಮೋರಿಯ ಹತ್ತಿರ ಬಲಕ್ಕೆ ತಿರುಗಿ ನಿಂತಿತು. "ಇಲ್ಲಿರ್ಬೇಕಿತ್ತು. ಇಲ್ಲಿ ನಿಮ್ಮ ಚೀಟಿ ಕೂತಿದೆ."

"ಸರಿಯಾಗಿ ನೋಡೇ," ಎಂದ ನಿವೃತ್ತ ಅಂಚೆಯವನು. "ಮೂವತ್ತು ವರ್ಷ ಆ ಮನೆಗೆ ಕಾಗದ ಕೊಟ್ಟಿದೀನಿ, ಒಂದು ದಿನಾನೂ ಜಾಗ ಬಿಟ್ಟು ಅಲ್ಲಾಡಿಲ್ಲ. ನಿನ್ನೆ ರಾತ್ರಿ ಏನಾದ್ರೂ ಎದ್ದು ಹೋಯ್ತಾ?"

"ಹೋದ್ರೆ ನಿನ್ನನ್ನ ಕೇಳೇ ಹೋಗುತ್ತೆ ಬಿಡಜ್ಜ!"

ಎಲ್ಲರೂ ನಕ್ಕರು. ಮೇಡಂ ಚೀಟಿಯನ್ನು ನೋಡಿದಳು. ಕೆಂಪು ಗೆರೆ ತಂತಿ, ನೀಲಿ ಚೌಕ ಟವರ್, ಕಪ್ಪು ಚುಕ್ಕಿ ಮನೆ. ಕಂಪನಿಯಿಂದ ಬಂದ ನಕ್ಷೆಯಲ್ಲಿ ಈ ವಿವರಣೆ ಇರಲಿಲ್ಲ. ಜನಕ್ಕೆ ಅರ್ಥವಾಗಲಿ ಎಂದು ತಾನೇ ಟೈಪು ಮಾಡಿಸಿ, ಲಾಡ್ಜಿನಲ್ಲಿ ಕೂತು, ತೂಕಡಿಸುತ್ತ, ಇಪ್ಪತ್ತಮೂರು ಹಾಳೆಗೂ ಬಲಗಡೆ ಕೆಳಗಿನ ಮೂಲೆಗೇ ಅಂಟಿಸಿದ್ದಳು. ಒಳ್ಳೆಯ ಕೆಲಸ ಎಂದು ಮೇಲಿನವರು ಹೊಗಳಿದ್ದರು. ಒಂದು ತಿಂಗಳು ಆ ಹಾಳೆಗಳು ಆಯಾ ಊರಿನ ನೋಟಿಸ್ ಬೋರ್ಡಿನಲ್ಲಿ ನೇತಾಡಿದ್ದವು.

ಉಗುರಿನಿಂದ ಚೀಟಿಯ ಅಂಚು ಎಬ್ಬಿಸಿದಳು. ಅಂಟು ಗಟ್ಟಿಯಾಗಿತ್ತು. ಒಳ್ಳೆಯ ಅಂಟು ತಂದಿದ್ದೆ ಎನ್ನಿಸಿತು, ಬೇರೇನೂ ಅನ್ನಿಸಲಿಲ್ಲ. ಅರ್ಧ ಚೀಟಿ ಹರಿದು ಬಂದಾಗ ಕೆಳಗೊಂದು ಕಪ್ಪು ಚುಕ್ಕಿ ಕಂಡಿತು.

"ಅಯ್ಯೋ, ಸಿಕ್ತು!" ಟೈಲರಮ್ಮ ಕಳೆದುಹೋದ ಸೂಜಿ ಸಿಕ್ಕವಳಂತೆ ಹಿಗ್ಗಿದಳು. "ಸದ್ಯ. ಲೈನು ನಮ್ಮನೆ ಮೇಲೇನೂ ಬರಲ್ಲ ಅಲ್ವಾ ಮೇಡಂ? ಬರೋದಾಗಿದ್ರೆ ನೋಟಿಸ್ ಬರ್ತಿತ್ತು. ನಂಗೇನೂ ಬಂದಿಲ್ಲ."

ಚೀಟಿ ಮುಚ್ಚಿದ ಮನೆಗೆ ನೋಟಿಸ್ ಬರುವುದು ಹೇಗೆ? ಈ ಹಾಳೆಗಳನ್ನು ನೋಡಿಯೇ ಗುಮಾಸ್ತರು ಪಟ್ಟಿ ಮಾಡಿದ್ದರು.

ಬಾಗಿಲಲ್ಲಿ ಡ್ರೈವರ್ ಬೀಗದ ಕೈ ಅಲ್ಲಾಡಿಸಿದ. "ಮೇಡಂ, ಈಗ ಹೊರಟ್ರೆ ಮಗು ಮಲಗೋದ್ರೊಳಗೆ ಮನೇಲಿರ್ತೀರ."

ಇಲ್ಲಮ್ಮ, ಬರಲ್ಲ ಎಂದರೆ ಸಾಕಿತ್ತು. ಟೈಲರಮ್ಮ ನಂಬುತ್ತಿದ್ದಳು, ಕೈ ಮುಗಿದು ಹೋಗುತ್ತಿದ್ದಳು. ಐದು ಗಂಟೆ ಹೊಡೆದರೆ ಕಡತ ಮುಚ್ಚುತ್ತಿತ್ತು. ಆಮೇಲೆ ಇವಳ ಮನೆಗೆ ಬರುವವರು ಬೇರೆಯವರು, ಕೇಳಲಿಕ್ಕಲ್ಲ, ಕೆಡವಲಿಕ್ಕೆ. ಒಂದು ನಕ್ಷೆ ತಪ್ಪೆಂದು ಒಪ್ಪಿದರೋ, ಅದೇ ಮೂಲೆಗೆ ಚೀಟಿ ಹಚ್ಚಿದ ಅಷ್ಟೂ ಹಾಳೆ ತಪ್ಪು: ಎಲ್ಲ ಊರಿನಲ್ಲೂ ಹೊಸ ನಕ್ಷೆ, ಹೊಸ ಸಭೆ, ಅದೇ ಲಾಡ್ಜು.

"ಆ ಟೇಪು ಕೊಡಿ," ಎಂದಳು ಮೇಡಂ.

ಟೇಪು ಬೆಚ್ಚಗಿತ್ತು. ಇಪ್ಪತ್ತು ಮೀಟರ್ ಎಂದರೆ ನಕ್ಷೆಯ ಮೇಲೆ ಕೆಂಪು ಗೆರೆಯಿಂದ ಹತ್ತು ಮಿಲಿಮೀಟರ್ ಖಾಲಿ ಇರಬೇಕು. ಚುಕ್ಕಿ ಆರರಲ್ಲಿತ್ತು. ಇನ್ನೊಮ್ಮೆ ಅಳೆದಳು. ಆರು.

"ಬರುತ್ತಮ್ಮ. ನಿಮ್ಮ ಮನೆ ಆ ಇಪ್ಪತ್ತು ಮೀಟರಿನೊಳಗೇ ಬರುತ್ತೆ."

ಟೈಲರಮ್ಮ ಟೇಪನ್ನು ವಾಪಸು ತೆಗೆದುಕೊಂಡು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. "ನಾನು ಕೇಳ್ದೆ ಇದ್ದಿದ್ರೆ?"

ಅಂಚೆಯಜ್ಜ ಕನ್ನಡಕ ತೆಗೆದು ಒರೆಸತೊಡಗಿದ. ಮೇಡಂ ಆಕ್ಷೇಪಣೆಯ ಫಾರಂ ಮುಂದಿಟ್ಟು, "ಬರೀರಿ," ಎಂದಳು. "ನಕ್ಷೆಯಲ್ಲಿ ನಮ್ಮ ಮನೆ ಕಾಣದ ಹಾಗೆ ಚೀಟಿ ಅಂಟಿಸಿದ್ರು."

"ಯಾರು ಅಂಟಿಸಿದ್ದು ಅಂತ ಕೇಳಿದ್ರೆ?"

ಮೇಡಂ ಪೆನ್ನು ತೆಗೆದುಕೊಂಡು ಆ ಸಾಲಿನ ಕೆಳಗೆ ತನ್ನ ಹುದ್ದೆ ಬರೆದು, ಸಹಿ ಹಾಕಿ, ಗಂಟೆ ನಮೂದಿಸಿದಳು. ನಾಲ್ಕೂ ನಲವತ್ತು.

ಜೀಪಿನಲ್ಲಿ ಕೂತು ಮನೆಗೆ ಫೋನು ಮಾಡಿದಳು. ಎತ್ತಿದವಳು ಮಗಳೇ.

"ಅಮ್ಮಾ, ಹೊರಟ್ಯಾ?"

"ಇಲ್ಲ ಪುಟ್ಟಿ. ಇನ್ನೂ ಊರು ಬಾಕಿ ಇವೆ."

"ಎಷ್ಟು?"

"ಇಪ್ಪತ್ತಮೂರು."

"ಅಷ್ಟೂ ಮುಗೀತು ಅಂದಿದ್ದೆ!"

"ಅಂದಿದ್ದೆ."

ಆ ಕಡೆಯಿಂದ "ಅಜ್ಜೀ, ನಾಳೆ ಜಡೆ ನೀನೇ ಹಾಕು" ಎಂದು ಕೂಗಿದ್ದು ಕೇಳಿಸಿತು, ಫೋನು ಇಟ್ಟ ಸದ್ದೂ.

"ಎಲ್ಲಿಗೆ ಮೇಡಂ?" ಎಂದ ಡ್ರೈವರ್.

"ಲಾಡ್ಜಿಗೆ," ಎಂದು, ಅವಳು ಉಗುರಿನ ಸಂದಿಯಲ್ಲಿ ಒಣಗಿದ್ದ ಅಂಟನ್ನು ಕೆರೆಯುತ್ತ ಕೂತಳು.