ಸ್ಪ್ರಿಂಗಿನ ರೀಲು

ನವಿಲುತೀರ್ಥದ ಅಣೆಕಟ್ಟು ಮುಗಿಯುವ ಹೊತ್ತಿಗೆ ಗಂಗಪ್ಪನ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಕಲ್ಲು ಒಡೆಯುವ ಯಂತ್ರ ಅದನ್ನು ಎಳೆದುಕೊಂಡಿತ್ತು. ಅದಕ್ಕೂ ಮೊದಲು ಅವನು ತುಂಬಿದ ಮಲಪ್ರಭೆಯನ್ನು ಈಜಿ ದಾಟುತ್ತಿದ್ದವನು, ಯಾವ ಮಡುವಿನಲ್ಲಿ ಎಂಥ ಮೀನಿದೆಯೆಂದು ದಡದಲ್ಲಿ ನಿಂತೇ ಹೇಳುತ್ತಿದ್ದವನು. ಈಗ ಆ ಮಡುಗಳೂ ಹಿನ್ನೀರಿನ ಅಡಿ ಸೇರಿದ್ದವು. ಹೆಂಡತಿ ಶೆಟ್ಟೆವ್ವ ಅವನಿಗೆ ಧೋತರ ಉಡಿಸಿ ಕಾಲುವೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬರುವವರೆಗೆ ಅವನು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ.

ಓವರ್ಸಿಯರ್ ರಘೋತ್ತಮರಾಯರಿಗೆ ಮೀನು ಹಿಡಿಯುವ ಹುಚ್ಚು. ತಿನ್ನುವ ಮನೆತನವಲ್ಲ, ಹಿಡಿದು, ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಕೊಕ್ಕೆಗೆ ಹಕ್ಕಿಯ ಗರಿ ಸುತ್ತಿ ನೊಣದ ಹಾಗೆ ಮಾಡಿ, ಉದ್ದನೆಯ ಬೆತ್ತದ ಕೋಲಿನಿಂದ ನೀರಿನ ಮೇಲೆ ಬೀಸುವುದನ್ನು ಗಂಗಪ್ಪನ ಎಡಗೈಗೂ ಕಲಿಸಿದ್ದರು. ವರ್ಗವಾಗಿ ಹೊರಟಾಗ ಗಂಡ ಹೆಂಡತಿ ಇಬ್ಬರನ್ನೂ ಕ್ವಾರ್ಟರ್ಸಿಗೆ ಕರೆಸಿ, ಒಂದು ಕೋಲು ಕೊಟ್ಟು, ದಾರ ಸುತ್ತುವ ಎರಡು ರೀಲು ಮುಂದಿಟ್ಟರು.

"ಒಂದು ನಿನಗ, ಒಂದು ನನಗ. ಯಾವುದು ಬೇಕು ನೋಡು," ಎಂದರು.

ಒಂದು ಸಾದಾ ಗಾಲಿ, ಪಕ್ಕಕ್ಕೆ ಹಿಡಿಕೆ. ಇನ್ನೊಂದರೊಳಗೆ ಸ್ಪ್ರಿಂಗು, ಕಿರುಬೆರಳಿನಿಂದ ಕೀಲಿ ಒತ್ತಿದರೆ ದಾರ ತಾನೇ ಒಳಗೆ ಓಡಿ ಬರುತ್ತಿತ್ತು. ಗಂಗಪ್ಪ ಎಡಗೈಯಲ್ಲಿ ಅದನ್ನು ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.

"ಇದು ನೋಡಲಿಕ್ಕೆ ಚಲೋ ಅದ," ಎಂದರು ರಾಯರು. "ಆದರ ದೊಡ್ಡ ಮೀನು ಓಡಿದ್ರ ಸ್ಪ್ರಿಂಗು ಬಿಗಿದು ದಾರ ನಿಂತುಬಿಡ್ತದ. ಸಾದಾ ರೀಲು ಎಷ್ಟು ಬೇಕಾದ್ರೂ ಬಿಟ್ಟುಕೊಡ್ತದ. ತಿರುವಲಿಕ್ಕೆ ಮಾತ್ರ ಇನ್ನೊಂದು ಕೈ ಬೇಕು."

ಬಾಗಿಲಲ್ಲಿ ನಿಂತಿದ್ದ ಶೆಟ್ಟೆವ್ವ, "ಸಾದಾದ್ದ ತಗೋರಿ. ನೀವು ಕೋಲ ಹಿಡೀರಿ, ನಾ ತಿರುವತೇನಿ," ಎಂದಳು.

ಗಂಗಪ್ಪನ ಮುಖ ಬಿಗಿಯಿತು. ಧೋತರ ಇವಳೇ ಉಡಿಸಬೇಕು, ತಲೆಗೆ ರುಮಾಲು ಇವಳೇ ಸುತ್ತಬೇಕು, ಇನ್ನು ಮೀನು ಹಿಡಿಯುವುದಕ್ಕೂ ಇವಳೇ ಬೇಕೇ?

"ನನಗ ಇದ ಇರಲ್ರಿ," ಎಂದು ಸ್ಪ್ರಿಂಗಿನದನ್ನು ಎದೆಗೆ ಒತ್ತಿಕೊಂಡ. ರಾಯರು ಸಾದಾ ರೀಲನ್ನು ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಗೇಣುದ್ದದ ಮೀನುಗಳು ಸಿಕ್ಕವು. ದಡದಲ್ಲಿ ಒಬ್ಬನೇ ನಿಂತು ಕೀಲಿ ಒತ್ತಿ ದಾರ ಎಳೆದುಕೊಳ್ಳುವಾಗ ಅವನಿಗೆ ಯಾರ ಹಂಗೂ ಇರಲಿಲ್ಲ. ಮನೆಗೆ ಬಂದು ಮೀನನ್ನು ಒಲೆಯ ಮುಂದಿಟ್ಟು, ಹೆಂಡತಿ ಕೇಳದಿದ್ದರೂ ಎಲ್ಲಿ ಹೇಗೆ ಸಿಕ್ಕಿತೆಂದು ಹೇಳುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಹಿನ್ನೀರಿನಲ್ಲಿ ದೊಡ್ಡ ಮೀನೊಂದು ಗರಿಯನ್ನು ಕಚ್ಚಿತು. ಕಚ್ಚಿದ್ದೇ ನಡುನೀರಿಗೆ ಓಡಿತು. ರೀಲು ಕಿರುಗುಟ್ಟುತ್ತ ದಾರ ಬಿಟ್ಟಿತು, ಬಿಗಿಯುತ್ತ ಬಂತು, ಗಕ್ಕನೆ ನಿಂತಿತು. ಸ್ಪ್ರಿಂಗನ್ನು ಸಡಿಲಿಸೋಣವೆಂದರೆ ಇನ್ನೊಂದು ಕೈ ಇರಲಿಲ್ಲ. ಮೊಂಡಗೈಯನ್ನು ಕೋಲಿಗೆ ಒತ್ತಿ ಹಿಡಿದ. ಕೋಲು ಬಿಲ್ಲಿನಂತೆ ಬಾಗಿ, ಅಂಗೈಯಿಂದ ಜಾರಿ ನೀರಿಗೆ ಹಾರಿತು. ಸ್ವಲ್ಪ ದೂರ ಹಾವಿನ ಹಾಗೆ ಹರಿದು ಹೋಯಿತು. ಗಂಗಪ್ಪ ಸೊಂಟದ ತನಕ ನೀರಿಗಿಳಿದ. ಮುಂದೆ ನೆಲ ಕಾಲಿಗೆ ಸಿಗಲಿಲ್ಲ. ಒಂದೇ ಕೈಯಲ್ಲಿ ನೀರು ಬಡಿದು ಬಾಯಿಗೆ ನೀರು ಬಂದಾಗ ಹಿಂದೆ ಸರಿದ. ಕೋಲು ಮುಳುಗಿತು.

ಒದ್ದೆ ಬಟ್ಟೆಯಲ್ಲೇ ಕ್ವಾರ್ಟರ್ಸಿಗೆ ನಡೆದ. ರಾಯರು ಹೋಗಿ ತಿಂಗಳುಗಳೇ ಕಳೆದಿವೆಯೆಂಬುದು ಅವನಿಗೆ ಗೊತ್ತಿತ್ತು; ಆದರೂ ಹೋದ. ಆ ಮನೆಯ ಅಂಗಳದಲ್ಲಿ ಬೇರೆ ಯಾರದೋ ಸೀರೆ ಒಣಗುತ್ತಿತ್ತು.

ಸಂಜೆ ಶೆಟ್ಟೆವ್ವ ಬಂದು ಕೋಲು ಇಡುವ ಮೂಲೆ ನೋಡಿದಳು.

"ಕೋಲ ಎಲ್ಲೈತ್ರಿ?"

"ಹೋತು."

ಅವಳು ಬುಟ್ಟಿ ಕೆಳಗಿಟ್ಟಳು. "ನಾ ತಿರುವತೇನಂದಿದ್ದೆ," ಎಂದಳು ಮೆಲ್ಲಗೆ.

"ನೀ ಇದ್ರೂ ಹೋಗತಿತ್ತು."

ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ರೊಟ್ಟಿ ತಟ್ಟಿ ತಾಟಿನಲ್ಲಿಟ್ಟು ಕರೆದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮುಂಜಾನೆ ಅವಳು ಧೋತರ ಹಿಡಿದು ನಿಂತಾಗಲೂ ಏಳಲಿಲ್ಲ.

"ಯಾತಕ್ಕ ಉಡಲಿ?" ಎಂದ. "ಎಲ್ಲಿ ಹೋಗೂದೈತಿ ನನಗ?"

ಕಾಲುವೆಯ ಹೆಂಗಸರು ಹೊರಗಿನಿಂದ ಕೂಗುತ್ತಿದ್ದರು. ಶೆಟ್ಟೆವ್ವ ಧೋತರವನ್ನು ಮಡಚಿ ಅವನ ಕಾಲ ಬಳಿ ಇಟ್ಟು, ಬುಟ್ಟಿ ತೆಗೆದುಕೊಂಡು ಕೆಲಸಕ್ಕೆ ಹೋದಳು.